ಹತ್ತೂ ಬೆರಳಿಗೆ ಪಟ್ಟಿ

ನನ್ನ ಮಗಳು ಎಡಚಿ. ಎಂಟು ತಿಂಗಳ ಕೂಸಾಗಿದ್ದಾಗಲೇ ಗಿಲಕಿಯನ್ನು ಎಡಗೈಯಲ್ಲಿ ಹಿಡಿಯುತ್ತಿದ್ದಳು, ಬಲಗೈಗೆ ಕೊಟ್ಟರೆ ಎಸೆಯುತ್ತಿದ್ದಳು. ಈಗ ಅವಳಿಗೆ ಆರು ವರ್ಷ, ಒಂದನೇ ತರಗತಿ. ಬರೆಯುವುದು, ಚೆಂಡು ಎಸೆಯುವುದು, ಕೆಳಗಿನ ಮನೆಯ ನಾಯಿಯ ಕಿವಿ ಜಗ್ಗುವುದು ಎಲ್ಲವೂ ಎಡಗೈಯಲ್ಲೇ. ಅದರಲ್ಲಿ ನನಗಾಗಲಿ ನನ್ನ ಗಂಡನಿಗಾಗಲಿ ಯಾವ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ನಮ್ಮ ಜೊತೆಯಲ್ಲೇ ಇರುವ ಅತ್ತೆಗೆ, ಅದೂ ಊಟದ ವಿಷಯದಲ್ಲಿ ಮಾತ್ರ.

"ಬಲಗೈಲಿ ಉಣ್ಣೇ ತಂಗಿ. ಎಡಗೈ ಎಂತಕ್ಕೆ ಇಪ್ಪುದು ಹೇಳಿ ಗೊತ್ತಿಲ್ಯ?" ಎಂದು ಅವರು ಒಂದು ದಿನ ಮೊಮ್ಮಗಳನ್ನು ಕೇಳಿದರು.

"ಗೊತ್ತಿದ್ದು. ನಾ ಅದಕ್ಕೆ ಬಲಗೈ ಇಟ್ಕಂಡಿದ್ದಿ" ಎಂದಳು ಮಗಳು.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು. ನಗು ತಡೆಯಲಾಗದೆ ಹೋದರೋ ಬೇಸರದಿಂದಲೋ ನನಗೆ ತಿಳಿಯಲಿಲ್ಲ. ಆದರೆ ಮಾರನೆಯ ದಿನ ಊಟಕ್ಕೆ ಕೂತಾಗ ಮತ್ತೆ ಅದೇ ಮಾತು. ಅವರದೂ ಸಣ್ಣ ಹಟವಲ್ಲ.

ನಾನು ಹೊನ್ನಾವರದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಬೆಳಗಿನಿಂದ ಸಂಜೆಯವರೆಗೆ ಕೈ, ಕಾಲು, ಎದೆ, ಸೊಂಟ. ತೋಟದ ಕಾಲುಸಂಕದಿಂದ ಜಾರಿದವರು, ದೋಣಿ ದಡಕ್ಕೆಳೆಯುವಾಗ ಬೆರಳು ಸಿಕ್ಕಿಸಿಕೊಂಡವರು, ಹೆದ್ದಾರಿಯಲ್ಲಿ ಬೈಕು ಉರುಳಿಸಿಕೊಂಡವರು ಬರುತ್ತಾರೆ. "ಉಸಿರು ಹಿಡೀರಿ, ಅಲ್ಲಾಡಬೇಡಿ. ಆತು, ಬಿಡಿ." ಎಂಥ ಒರಟು ಮನುಷ್ಯನೂ ಆ ಕೋಣೆಯೊಳಗೆ ನಾನು ಹೇಳಿದ ಹಾಗೆ ಕೇಳುತ್ತಾನೆ. ಮನೆಯಲ್ಲಿ ನನ್ನ ಮಾತನ್ನು ಕೇಳದವಳು ಒಬ್ಬಳಿದ್ದಳು. ಫೋನಿನಲ್ಲಿ ನಾನು ತೆಗೆದ ಅವಳ ಫೋಟೋಗಳಲ್ಲಿ ಬಹುಪಾಲು ಬರೀ ಬಣ್ಣದ ಗೆರೆಗಳು. ಇಲ್ಲಿ ಒಂದು ಜಡೆಯ ತುದಿ, ಅಲ್ಲಿ ಒಂದು ಮೊಣಕಾಲು.

ಎರಡು ವರ್ಷದ ಹಿಂದೆ ನಮ್ಮ ಆಸ್ಪತ್ರೆಯ ನರ್ಸ್ ಒಬ್ಬಳು, ಭಟ್ಕಳದಲ್ಲಿ ತನ್ನ ಪರಿಚಯದವರೊಬ್ಬರು ಸ್ಟುಡಿಯೋ ಮುಚ್ಚುತ್ತಿದ್ದಾರೆ, ಕ್ಯಾಮೆರಾ ಕೊಡುತ್ತಾರಂತೆ ಎಂದಳು. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಬಿಳಿ ಗಡ್ಡದ ಮುದುಕರು. ಗೋಡೆಯ ಮೇಲಿದ್ದ ಮದುವೆ ಫೋಟೋಗಳನ್ನೆಲ್ಲ ಆಗಲೇ ಇಳಿಸಿ ಪೇಪರಿನಲ್ಲಿ ಸುತ್ತಿಟ್ಟಿದ್ದರು. ಮಗಳೊಂದಿಗೆ ಫೋನಿನಲ್ಲಿ ತಮ್ಮ ನವಾಯತಿ ಭಾಷೆಯಲ್ಲಿ ಮಾತಾಡುತ್ತಲೇ ನನಗೆ ಕೂರಲು ಸ್ಟೂಲು ತೋರಿಸಿದರು. ಮಾತು ಮುಗಿಸಿ, ಕ್ಯಾಮೆರಾ ಕೈಗೆ ಕೊಟ್ಟು, ಮೊದಲು ಅದರಲ್ಲಿ ತಾರೀಕು ಗಂಟೆ ಸರಿ ಮಾಡುವುದನ್ನು ಕಲಿಸಿದರು.

"ಯಾರ ಫೋಟೋ ತೆಗೀತೀರಿ ಅಮ್ಮ?" ಎಂದು ಕೇಳಿದರು.

"ಮನೆಯವರದ್ದೇ. ಹೆಚ್ಚಾಗಿ ಮಗಳದ್ದು. ಅವಳು ನಿಲ್ಲೂದೇ ಇಲ್ಲ."

"ನಿಲ್ಸಬೇಡಿ. ನಿಲ್ಸಿ ತೆಗ್ದದ್ದು ನಾನು ನಲವತ್ತು ವರ್ಷ. ಎಲ್ಲಾ ಒಂದೇ ಥರ ಬರ್ತದೆ."

ಅವರ ಮಾತು ನನಗೆ ಹಿಡಿಸಿತು. ಅಂದಿನಿಂದ ಮನೆಯಲ್ಲಿ ಏನು ನಡೆಯುತ್ತದೋ ಅದನ್ನೇ ತೆಗೆಯುವುದು ರೂಢಿಯಾಯಿತು. ಸುವರ್ಣಗೆಡ್ಡೆ ಹೆಚ್ಚುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳುವ ಅತ್ತೆ. ಕುಮಟೆಯ ಹೈಸ್ಕೂಲಿನಿಂದ ಬಂದು, ಉತ್ತರಪತ್ರಿಕೆಯ ಕಟ್ಟನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋದ ಗಂಡ. ಗೇಟಿಗೆ ತಲೆಕೆಳಗಾಗಿ ಜೋತುಬಿದ್ದ ಮಗಳು. ಕೆಳಗಿನ ಮನೆಗೆ ಬರುವ ಮೀನಿನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ನಮ್ಮಲ್ಲಿ ಯಾರೂ ಮುಟ್ಟದ ಬಂಗುಡೆಯ ಕಣ್ಣು ಮುಚ್ಚುತ್ತದೋ ಇಲ್ಲವೋ ಎಂದು ಬೆರಳಿನಿಂದ ಪರೀಕ್ಷಿಸುವ ಮಗಳು. ತಿಂಗಳಿಗೊಮ್ಮೆ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕುತ್ತಿದ್ದೆ, ಕೂತು ನೋಡುತ್ತಿದ್ದದ್ದು ಕಡಿಮೆ. ಆದರೂ ಒಳಗೊಳಗೆ ಒಂದು ಆಸೆ ಉಳಿದೇ ಇತ್ತು. ಅವಳ ಮುಖ ಪೂರ್ತಿ ಕಾಣುವ, ಅವಳು ಸುಮ್ಮನೆ ನನ್ನನ್ನು ನೋಡುವ ಒಂದು ಫೋಟೋ ಬೇಕು.

ಅದು ಸಿಕ್ಕಿದ್ದು ದಸರಾ ರಜೆಯಲ್ಲಿ, ಮಂಕಿ ಎಂಬ ಊರಿನಲ್ಲಿರುವ ನನ್ನ ತವರುಮನೆಯಲ್ಲಿ.

ಅವತ್ತು ತೆಂಗಿನಕಾಯಿ ಕೀಳುವವರು ಬಂದಿದ್ದರು. ಕಾಲಿಗೆ ಹಗ್ಗದ ಬಳೆ ತೊಟ್ಟು, ಮರವನ್ನು ತಬ್ಬಿ, ಕಪ್ಪೆಯ ಹಾಗೆ ಕುಪ್ಪಳಿಸುತ್ತ ಅವರು ಮೇಲೇರುವುದನ್ನು ಮಗಳು ಕತ್ತು ನೋಯುವಷ್ಟು ಹೊತ್ತು ನೋಡಿದಳು. ನಾನು ಹತ್ತುವವರದ್ದು, ಅಂಗಳದಲ್ಲಿ ಕಾಯಿ ಆರಿಸುತ್ತಿದ್ದ ನಾವು ಆಯಿ ಎನ್ನುವ ನನ್ನ ಅಮ್ಮನದ್ದು, ಕಾಯಿ ಬಿದ್ದಾಗೆಲ್ಲ ಬೊಗಳುವ ನಾಯಿಯದ್ದು ಫೋಟೋ ತೆಗೆಯುತ್ತ ಅತ್ತಿತ್ತ ಓಡಾಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ ಮಗಳು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಾಳೆ. ಕೆಂಪು ಫ್ರಾಕು, ಕೈ ಕಟ್ಟಿಕೊಂಡಿದ್ದಾಳೆ, ತುಟಿ ಮುಚ್ಚಿದೆ. ದೊಡ್ಡ ಕಣ್ಣು ಬಿಟ್ಟು ನೆಟ್ಟಗೆ ನನ್ನನ್ನೇ ನೋಡುತ್ತಿದ್ದಾಳೆ. ತೆಂಗಿನ ಗರಿಗಳ ನಡುವಿನಿಂದ ಬಿಸಿಲು ಸೋಸಿ ಬಂದು ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ಅವಳು ಬಾಯಿ ತೆರೆಯಲು ಹೋದಳು.

"ಹಾಂಗೇ ಕೂತ್ಕ. ಅಲ್ಲಾಡಡ" ಎಂದೆ.

ಅವಳು ಅಲ್ಲಾಡಲಿಲ್ಲ. ಹನ್ನೊಂದು ಸಲ ಒತ್ತಿದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿಕೊಂಡು, "ಚೊಲೋ ಬಂತು ನೋಡು" ಎಂದೆ. ತಲೆ ಎತ್ತುವಷ್ಟರಲ್ಲಿ ಅವಳು ಎದ್ದು ಒಳಗೆ ಹೋಗಿದ್ದಳು.

ಆ ಫೋಟೋ ನೋಡಿ ಗಂಡ, "ಇದು ನಮ್ಮ ಕೂಸೇ ಹೌದಾ?" ಎಂದು ಕೇಳಿದರು. ಬಳಗದವರಿಗೆಲ್ಲ ಕಳಿಸಿದೆ. ಎಷ್ಟು ಶಾಂತ, ಎಷ್ಟು ಗಂಭೀರ, ದೊಡ್ಡವಳಾಗುತ್ತಿದ್ದಾಳೆ ಎಂದು ಎಲ್ಲರೂ ಬರೆದರು. ಕುಮಟೆಯಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹೊನ್ನಾವರದ ಮನೆಯ ಹಾಲಿನಲ್ಲಿ ಟೀವಿಯ ಮೇಲೆ ತೂಗು ಹಾಕಿದೆವು. ಮನೆಗೆ ಬಂದವರು ಚಹಾ ಕುಡಿಯುತ್ತ ಅದನ್ನು ನೋಡುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ.

ರಜೆ ಮುಗಿಯುವುದಕ್ಕೆ ಇನ್ನೂ ದಿನಗಳಿದ್ದವು. ಆ ದಿನಗಳಲ್ಲಿ ಮಗಳು ಒಂದೊಂದಾಗಿ ಹೊಸ ವಿದ್ಯೆ ಕಲಿತಳು. ಮೊದಲನೆಯದು ಸ್ನಾನ. "ನಾನೇ ಮಿಂದ್ಕತ್ತಿ, ಯಾರೂ ಬರಡ" ಎಂದು ಬಚ್ಚಲ ಬಾಗಿಲು ಹಾಕಿಕೊಂಡಳು. ಸೋಪಿನ ನೊರೆ ಕಿವಿಯಲ್ಲೇ ಉಳಿಸಿಕೊಂಡು ಹೊರಬಂದವಳ ಫೋಟೋ ತೆಗೆದೆ. ಆಮೇಲೆ ಆಸ್ಪತ್ರೆಯ ಆಟ. ನಾನು ಮನೆಗೆ ತಂದಿಟ್ಟಿದ್ದ ಗಾಯದ ಪಟ್ಟಿಯ ಡಬ್ಬಿಯನ್ನು ಖಾಲಿ ಮಾಡಿ ಹತ್ತೂ ಬೆರಳಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದಳು. ಬೈಯಬೇಕೆಂದುಕೊಂಡವಳು ನಗು ಬಂದು ಅದನ್ನೂ ತೆಗೆದೆ.

"ಎಂತ ಆತು ನಿಂಗೆ?" ಎಂದು ಆಟಕ್ಕೆ ಕೇಳಿದೆ.

"ಎಂತದೂ ಆಜಿಲ್ಲೆ. ಆಟ" ಎಂದಳು.

ಆ ಪಟ್ಟಿಗಳು ಮೂರು ನಾಲ್ಕು ದಿನ ಇದ್ದವು. ಒಂದೊಂದೇ ಉದುರಿದವು.

ಮೂರನೆಯದು ಅತ್ತೆಯ ಗೆಲುವು. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಊಟಕ್ಕೆ ಬಂದಾಗ ಅವರು ಬಾಗಿಲಲ್ಲೇ ನಿಂತಿದ್ದರು.

"ಬಾ, ನೋಡು. ಕೂಸು ಬಲಗೈಲಿ ಉಂಬಲೆ ಕಲ್ತಿದ್ದು."

ನಿಜ. ಮಗಳು ಬಲಗೈಯಲ್ಲಿ ತಂಬುಳಿ ಅನ್ನ ಕಲಸುತ್ತಿದ್ದಳು. ಅಗುಳು ಬಾಯಿಗಿಂತ ಮಡಿಲಿಗೇ ಹೆಚ್ಚು ಬೀಳುತ್ತಿತ್ತು. ಅತ್ತೆ ಕರಡಿಗೆಯಿಂದ ಕಾಗದದಷ್ಟು ತೆಳ್ಳಗಿನ ಸಿಹಿ ತೊಡೆದೇವು ತೆಗೆದು ಅವಳ ತಟ್ಟೆಯ ಬದಿಗಿಟ್ಟರು. ಅಂದಿನಿಂದ ಪ್ರತಿ ಊಟಕ್ಕೂ ಒಂದು ತುಂಡು ತೊಡೆದೇವು ಅವಳಿಗೆ ಇನಾಮು. ಅತ್ತೆ ಕಾಗಾಲದಲ್ಲಿರುವ ತಮ್ಮ ತಂಗಿಗೆ ಫೋನು ಮಾಡಿ, ಮಕ್ಕಳಿಗೆ ಬೈದು ಹೇಳಿದರೆ ಆಗದು, ತಾಳ್ಮೆಯಿಂದ ಹೇಳಬೇಕು ಎಂದು ಬುದ್ಧಿ ಹೇಳಿದ್ದನ್ನು ನಾನೇ ಕೇಳಿದೆ.

ನನಗೆ ಖುಷಿಗಿಂತ ಕುತೂಹಲ ಆಯಿತು. ಆರು ವರ್ಷ ಒಂದು ಮಾತನ್ನೂ ಕೇಳದವಳು ಒಂದೇ ವಾರದಲ್ಲಿ ಹೀಗೆ ಬದಲಾಗುವುದು ಹೇಗೆ?

"ಎಂತಕ್ಕೆ ಬಲಗೈ?" ಎಂದು ಕೇಳಿದೆ.

"ಅಜ್ಜಿನೇ ಹೇಳಿದ್ದು" ಎಂದಳು.

ಆ ಉತ್ತರ ನನ್ನ ಅನುಮಾನವನ್ನು ಇನ್ನೂ ಹೆಚ್ಚಿಸಿತು. ಯಾರೋ ಹೇಳಿದರು ಎಂಬ ಕಾರಣಕ್ಕೆ ಅವಳು ಅಲ್ಲಿಯವರೆಗೆ ಯಾವುದನ್ನೂ ಮಾಡಿದವಳಲ್ಲ. ರಜೆ ಮುಗಿದು ಶಾಲೆ ಶುರುವಾದ ಮೂರನೆಯ ದಿನ ಅವಳ ಕನ್ನಡ ನೋಟುಬುಕ್ಕಿನಲ್ಲಿ ಟೀಚರು ಕೆಂಪು ಶಾಯಿಯಲ್ಲಿ ಬರೆದಿದ್ದರು: ಅಕ್ಷರ ಕೆಟ್ಟಿದೆ, ಮನೆಯಲ್ಲಿ ಅಭ್ಯಾಸ ಮಾಡಿಸಿ. ನೋಡಿದರೆ 'ಬಸವ' ಎಂಬಲ್ಲಿ ಮೂರು ಅಕ್ಷರ ಮೂರು ಗಾತ್ರದಲ್ಲಿ ಮೂರು ದಿಕ್ಕಿಗೆ ವಾಲಿದ್ದವು. ಬರವಣಿಗೆಯೂ ಬಲಗೈಗೆ ಬಂದಿತ್ತು. ಅತ್ತೆ ಬರೆಯುವ ಬಗ್ಗೆ ಎಂದೂ ಏನೂ ಹೇಳಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪು ತೆರೆದು ಕೂತೆ. ಮಗಳು ಬಾಲ್ಕನಿಯಲ್ಲಿ ಬಕೆಟ್ಟಿನಲ್ಲಿ ನೀರು ಇಟ್ಟುಕೊಂಡು ಯಾವ ಯಾವ ಎಲೆ ತೇಲುತ್ತದೆ ಎಂದು ನೋಡುತ್ತಿದ್ದಳು. ಈ ಬಲಗೈ ಯಾವ ದಿನ ಶುರುವಾಯಿತು ಎಂದು ತಿಳಿಯುವುದಷ್ಟೇ ನನ್ನ ಉದ್ದೇಶ. ಹೊಸ ಫೋಟೋದಿಂದ ಹಿಂದಕ್ಕೆ ಹೋಗತೊಡಗಿದೆ. ಗಂಡ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

ಮೊದಮೊದಲು ನಾನು ನೋಡಿದ್ದು ಬಲಗೈಯನ್ನೇ. ಬಲಗೈಯಲ್ಲಿ ಲೋಟ, ಬಲಗೈಯಲ್ಲಿ ಬಾಚಣಿಗೆ. ಹತ್ತು ಹನ್ನೆರಡು ಫೋಟೋ ಆದ ಮೇಲೆ ಗಂಡ, "ಎಡಗೈ ಎಲ್ಲಿದ್ದು?" ಎಂದು ಕೇಳಿದರು.

ಮತ್ತೆ ಮೊದಲಿನಿಂದ ನೋಡಿದೆವು. ಒಂದರಲ್ಲಿ ಎಡಗೈ ಬೆನ್ನ ಹಿಂದೆ. ಇನ್ನೊಂದರಲ್ಲಿ ಅಪ್ಪನ ಹಳೆಯ ಅಂಗಿಯ ಉದ್ದ ತೋಳಿನೊಳಗೆ. ಮತ್ತೊಂದರಲ್ಲಿ ದಿಂಬಿನ ಅಡಿಯಲ್ಲಿ. ಸ್ನಾನ ಮಾಡಿ ಬಂದ ಫೋಟೋದಲ್ಲಿ ಟವೆಲಿನ ಒಳಗೆ. ಹತ್ತು ಪಟ್ಟಿಯ ಫೋಟೋವನ್ನು ದೊಡ್ಡದು ಮಾಡಿದೆ. ಒಂಬತ್ತು ಬೆರಳಿಗೆ ಒಂದೊಂದು ಸುತ್ತು. ಎಡಗೈಯ ಕಿರುಬೆರಳಿಗೆ ಮಾತ್ರ ಬುಡದಿಂದ ತುದಿಯವರೆಗೆ ನಾಲ್ಕು ಸುತ್ತು, ಒಂದರ ಮೇಲೊಂದು. ಆ ಬೆರಳು ಉಳಿದವುಗಳಿಂದ ಸ್ವಲ್ಪ ದೂರ ಸರಿದು ನಿಂತಿತ್ತು.

ದಿನಕ್ಕೆ ಇಪ್ಪತ್ತು ಮೂವತ್ತು ಕೈ ನೋಡುವವಳು ನಾನು.

ಹಿಂದಕ್ಕೆ ಹೋಗುತ್ತ ಮಂಕಿಯ ದಿನ ಬಂತು. ಮೆಟ್ಟಿಲಿನ ಹನ್ನೊಂದು ಫೋಟೋ. ಕೈ ಕಟ್ಟಿಕೊಂಡಿದ್ದಾಳೆ ಎಂದು ನಾನು ಅಂದುಕೊಂಡದ್ದು ಕೈ ಕಟ್ಟಿದ್ದಾಗಿರಲಿಲ್ಲ. ಎಡಗೈಯನ್ನು ಬಲಗಂಕುಳಲ್ಲಿ ಒತ್ತಿ ಹಿಡಿದಿದ್ದಳು. ಗಂಟೆ ಹತ್ತು ನಲವತ್ತು. ಅದೇ ದಿನ ಬೆಳಿಗ್ಗೆ ಎಂಟೂವರೆಗೆ ತೆಗೆದದ್ದರಲ್ಲಿ ಎಡಗೈಯಲ್ಲಿ ದೋಸೆ ಹಿಡಿದು ತಿನ್ನುತ್ತಿದ್ದಾಳೆ. ನಡುವಿನ ಎರಡು ಗಂಟೆಯ ಫೋಟೋಗಳನ್ನು ಒಂದೊಂದಾಗಿ ನೋಡಿದೆವು. ಹತ್ತು ಇಪ್ಪತ್ತೆರಡಕ್ಕೆ ನನ್ನ ಆಯಿ ಕಾಯಿ ಆರಿಸುತ್ತಿರುವ ಫೋಟೋ. ಅವಳ ಹಿಂದೆ, ಬಾವಿಯ ಪಕ್ಕದ ಗಿಡ್ಡ ತೆಂಗಿನ ಮರದ ಬುಡದಲ್ಲಿ, ಮಸುಕಾದ ಒಂದು ಕೆಂಪು ಚುಕ್ಕೆ. ದೊಡ್ಡದು ಮಾಡಿದಾಗ ಗೊತ್ತಾಯಿತು. ನನ್ನ ಅಪ್ಪನ ಟವೆಲನ್ನು ಬಳೆಯ ಹಾಗೆ ತಿರುಚಿ ಎರಡೂ ಪಾದಕ್ಕೆ ಸಿಕ್ಕಿಸಿಕೊಂಡು ಮರವನ್ನು ತಬ್ಬಿ ನಿಂತಿದ್ದಾಳೆ. ಅದೇ ಜಾಗ ಕಾಣುವ ಇನ್ನೊಂದು ಫೋಟೋ ಹತ್ತು ಮೂವತ್ತೊಂದಕ್ಕೆ. ಮರ ಇದೆ. ಬುಡದಲ್ಲಿ ಟವೆಲು ಬಿದ್ದಿದೆ. ಅವಳಿಲ್ಲ.

"ಹತ್ತಲೆ ಹೋಗಿ ಬಿದ್ದಿದ್ದು" ಎಂದರು ಗಂಡ.

ಅವಳನ್ನು ಕರೆದೆ. ಒದ್ದೆ ಕಾಲಿನಲ್ಲಿ ಬಂದು ನಿಂತಳು.

"ಕೈ ತೋರ್ಸು."

ಬಲಗೈ ಚಾಚಿದಳು.

"ಇನ್ನೊಂದು."

ಅವಳು ಲ್ಯಾಪ್‌ಟಾಪಿನ ಕಡೆ ನೋಡಿದಳು. ಅಲ್ಲಿ ಮರ, ಟವೆಲು. ಒಂದು ಕ್ಷಣ ಅದನ್ನೇ ನೋಡಿ, ನಿಧಾನವಾಗಿ ಎಡಗೈ ಮುಂದೆ ಮಾಡಿದಳು. ಊತ ಇಳಿದಿತ್ತು. ಕಿರುಬೆರಳು ಮಾತ್ರ ಬುಡದಲ್ಲಿ ಸ್ವಲ್ಪ ಹೊರಕ್ಕೆ ವಾಲಿತ್ತು, ಮುಟ್ಟಿದರೆ ಒಂದು ಸಣ್ಣ ಗಂಟು. ಅದನ್ನು ಒತ್ತಿದಾಗ ಅವಳ ಕಣ್ಣ ರೆಪ್ಪೆ ಅದುರಿತು.

"ನೋವಾಗ್ತಾ?"

"ಮೊದ್ಲು ಆಗ್ತಿತ್ತು. ಈಗ ಸ್ವಲ್ಪ."

"ಎಂತಕ್ಕೆ ನಂಗೆ ಹೇಳಿದ್ದಿಲ್ಲೆ?"

"ಹೇಳಲೆ ಬಂದಿದ್ದಿ. ನೀನೇ ಅಲ್ಲಾಡಡ ಹೇಳಿದೆ. ಮತ್ತೆ ಚೊಲೋ ಬಂತು ಹೇಳಿದೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು, ಅಷ್ಟೆ. ಗಂಡ ನನ್ನ ಕಡೆ ನೋಡಲಿಲ್ಲ, ಅದು ಅವರ ದೊಡ್ಡತನ.

"ಆಮೇಲೆ ಹೇಳಲಾಗಿತ್ತು" ಎಂದೆ.

"ಆಮೇಲೆ ಪ್ಲಾಸ್ಟರ್ ನೆನಪಾತು."

ಶಾಲೆ ಬಿಟ್ಟ ಮೇಲೆ ಕೆಲವು ದಿನ ಅವಳು ನನ್ನ ಕೋಣೆಯ ಹೊರಗಿನ ಬೆಂಚಿನಲ್ಲಿ ಕಾಯುತ್ತಾಳೆ. ಅಲ್ಲಿ ಒಬ್ಬ ಹುಡುಗಿಗೆ ಭುಜದವರೆಗೆ ಪ್ಲಾಸ್ಟರ್ ಹಾಕಿದ್ದನ್ನು, ಒಂದೂವರೆ ತಿಂಗಳು ಆಡಬಾರದು, ಓಡಬಾರದು ಎಂದು ಡಾಕ್ಟರು ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಒಂದೂವರೆ ತಿಂಗಳು ಎಲ್ಲೂ ಹತ್ತದೆ ಇರುವುದಕ್ಕಿಂತ ಬಲಗೈಯಲ್ಲಿ ಊಟ ಮಾಡುವುದೇ ವಾಸಿ ಎಂದು ಲೆಕ್ಕ ಹಾಕಿದ್ದಾಳೆ. ಸ್ನಾನ ಮಾಡಿಸುವಾಗ ನಾನು ಕೈ ಹಿಡಿಯುತ್ತೇನೆ, ಅದಕ್ಕೆ ತಾನೇ ಮಿಂದಳು. ಬೆರಳಿಗೆ ಪಟ್ಟಿ ಬೇಕು, ಒಂದಕ್ಕೇ ಹಾಕಿದರೆ ಕೇಳುತ್ತಾರೆ, ಅದಕ್ಕೆ ಹತ್ತಕ್ಕೂ ಹಾಕಿದಳು. ನಾನು ಬೆಳವಣಿಗೆ ಎಂದು ಫೋಟೋ ತೆಗೆದಿಟ್ಟುಕೊಂಡದ್ದೆಲ್ಲ ಈ ಒಂದು ಬೆರಳಿನ ಕೆಲಸ.

ಮಾರನೆಯ ಬೆಳಿಗ್ಗೆ ಡಾಕ್ಟರ ಚೀಟಿ ಬರೆಸಿಕೊಂಡು ಅವಳನ್ನು ನನ್ನ ಕೋಣೆಯೊಳಗೆ ಕರೆದುಕೊಂಡು ಹೋದೆ. ಸೀಸದ ಏಪ್ರನ್ ಕಟ್ಟಿದೆ, ಅದರ ಭಾರಕ್ಕೆ ಅವಳು ಬಗ್ಗಿದಳು. ಅಂಗೈಯನ್ನು ಪ್ಲೇಟಿನ ಮೇಲಿಟ್ಟು ಬೆರಳು ಅಗಲಿಸಿದೆ. ಬೆಳಕಿನ ಚೌಕ ಸರಿಹೊಂದಿಸಿ ಬಟನ್ನಿನ ಹತ್ತಿರ ಬಂದು ನಿಂತೆ. ದಿನಾ ಹೇಳುವ ಮಾತು ಹೇಳದೆ ಬಟನ್ನಿನ ಮೇಲೆ ಬೆರಳಿಟ್ಟೆ.

"ಅಲ್ಲಾಡಡ ಹೇಳಿ ಹೇಳ್ತಿಲ್ಯ?" ಎಂದು ಅವಳೇ ಕೇಳಿದಳು.

ಹೇಳಿದೆ. ಒತ್ತಿದೆ.

ಪರದೆಯ ಮೇಲೆ ಅವಳ ಕೈ ಮೂಡಿತು. ಕಿರುಬೆರಳಿನ ಬುಡದ ಮೂಳೆಯಲ್ಲಿ ಗೆರೆ, ಗೆರೆಯ ಸುತ್ತ ಬೆಳ್ಳಗೆ ಮೋಡದ ಹಾಗೆ ಹೊಸ ಮೂಳೆ. ತಾನಾಗಿಯೇ ಕೂಡಿಕೊಳ್ಳುತ್ತಿತ್ತು. ಅವಳು ಸ್ಟೂಲಿನ ಮೇಲೆ ಹತ್ತಿ ಪರದೆಗೆ ಮೂಗು ತಾಗಿಸಿದಳು.

"ಉಗುರು ಎಲ್ಲಿ?"

"ಉಗುರು ಮೂಳೆ ಅಲ್ಲ. ಕಾಣ್ತಿಲ್ಲೆ."

"ಇಲ್ಲಿ ಮಧ್ಯ ಎಂತಕ್ಕೆ ಖಾಲಿ? ಎಲ್ಲಾ ಬೆರಳಲ್ಲೂ ಇದ್ದು. ಇಲ್ಲೆಲ್ಲಾ ಮುರ್ದಿದ್ದಾ?"

"ಮುರ್ದದ್ದಲ್ಲ. ಅದು ಮೂಳೆ ಬೆಳೆವ ಜಾಗ. ಮಕ್ಕೊಗೆ ಇರ್ತು."

"ನಿಂಗೆ?"

"ನಂಗೆ ಇಲ್ಲೆ. ನಂದು ಬೆಳ್ದು ಆತು."

ಅವಳು ನನ್ನ ಕೈಯನ್ನು ಎತ್ತಿಕೊಂಡು ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ನನ್ನನ್ನು ಕಂಡು ಪಾಪ ಎನ್ನುವ ಹಾಗಿತ್ತು ಅವಳ ಮುಖ.

ಅಂದೇ ಕುಮಟೆಯ ಮೂಳೆ ಡಾಕ್ಟರ ಹತ್ತಿರ ಹೋದೆವು. ಬಿದ್ದು ಎಷ್ಟು ದಿನವಾಯಿತು ಎಂದು ಅವರು ಕೇಳಿದರು.

"ಹದಿನೆಂಟು ದಿನ. ಬೆಳಿಗ್ಗೆ ಹತ್ತು ಇಪ್ಪತ್ತೆರಡರಿಂದ ಹತ್ತು ಮೂವತ್ತೊಂದರ ಒಳಗೆ" ಎಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಇಷ್ಟು ಕರೆಕ್ಟಾಗಿ ಇಲ್ಲಿ ಯಾರೂ ಹೇಳೂದಿಲ್ಲ. ಹದಿನೆಂಟು ದಿನ ಬಿಟ್ಟು ಕರ್ಕೊಂಡು ಬಂದವ್ರಂತೂ ಇಷ್ಟು ಕರೆಕ್ಟಾಗಿ ಹೇಳೂದಿಲ್ಲ."

ಪ್ಲಾಸ್ಟರ್ ಬೇಡ, ಮೂಳೆ ಕೂಡಿದೆ ಎಂದರು. ಕಿರುಬೆರಳನ್ನು ಪಕ್ಕದ ಬೆರಳಿಗೆ ಜೋಡಿಸಿ ಟೇಪು ಸುತ್ತಿದರು, ಎರಡು ವಾರ. ಸ್ವಲ್ಪ ಸೊಟ್ಟ ಉಳಿಯಬಹುದು, ಬೆಳೆಯುತ್ತ ನೆಟ್ಟಗಾಗುತ್ತದೆ ಎಂದರು. ಮಗಳು ಪ್ಲಾಸ್ಟರ್ ಬೇಡ ಎಂಬ ಮಾತನ್ನು ಎರಡು ಸಲ ಹೇಳಿಸಿಕೊಂಡು ಖಾತ್ರಿ ಮಾಡಿಕೊಂಡಳು.

ಕಷ್ಟವಾದದ್ದು ಅತ್ತೆಗೆ ಹೇಳುವುದು. ಎಲ್ಲವನ್ನೂ ಕೇಳಿ ಅವರು ಅಡುಗೆಮನೆಯ ಮಣೆಯ ಮೇಲೆ ಕೂತರು.

"ನಂಗೂ ಗೊತ್ತಾಜಿಲ್ಲೆ ನೋಡು. ದಿನಾ ಎದುರಿಗೆ ಕೂತು ಉಣ್ಸಿದ್ದೇ ನಾನು" ಎಂದರು. ಕರಡಿಗೆಯ ಕಡೆ ನೋಡಿ, "ತೊಡೆದೇವು ಬೇರೆ ಕೊಟ್ಟಿ" ಎಂದರು.

ರಾತ್ರಿ ಊಟಕ್ಕೆ ಮಗಳು ರೂಢಿಯಂತೆ ಬಲಗೈಯಲ್ಲಿ ಕಲಸಲು ಶುರುಮಾಡಿದಳು. ಅತ್ತೆ ತಟ್ಟೆಯನ್ನು ತಮ್ಮ ಹತ್ತಿರ ಎಳೆದುಕೊಂಡು, ತುಪ್ಪ ಹಾಕಿ ಕಲಸಿ, ಒಂದೊಂದೇ ತುತ್ತು ಮಾಡಿ ಬಾಯಿಗಿಟ್ಟರು. ಟೇಪು ಬಿಚ್ಚುವವರೆಗೆ ಎರಡು ವಾರ ಹಾಗೆಯೇ ನಡೆಯಿತು. ಬಿಚ್ಚಿದ ದಿನ ಮಗಳು ಎಡಗೈ ತಟ್ಟೆಗೆ ಹಾಕಿ ಅಜ್ಜಿಯ ಮುಖ ನೋಡಿದಳು. "ಮೆತ್ತಗೆ ಉಣ್ಣು" ಎಂದಷ್ಟೇ ಹೇಳಿ ಅವರು ಸಾರು ಬಡಿಸಿದರು.

ಟೀವಿಯ ಮೇಲಿನ ಫೋಟೋ ನನ್ನಿಂದ ನೋಡಲಾಗುತ್ತಿರಲಿಲ್ಲ. ಒಂದು ಸಂಜೆ ಸ್ಟೂಲು ಹತ್ತಿ ಇಳಿಸಿ ಕಪಾಟಿನ ಹಿಂದೆ ಇಟ್ಟೆ. ಮಗಳು ಶಾಲೆಯ ಚೀಲ ಇಳಿಸುವ ಮೊದಲೇ ಖಾಲಿ ಮೊಳೆಯನ್ನು ಕಂಡಳು.

"ನನ್ನ ಫೋಟೋ ಎಲ್ಲಿ?"

"ಅದು ಬೇಡ ಅನಿಸ್ತು. ನಿಂಗೆ ಆವಾಗ ನೋವಾಗ್ತಿತ್ತಲ."

"ನೋವಾಗ್ತಿತ್ತು. ಆದ್ರೆ ನಾ ಅಳ್ತಾ ಇಲ್ಲೆ ನೋಡು ಅದ್ರಲ್ಲಿ."

ಕಪಾಟಿನ ಹಿಂದಿನಿಂದ ಅದನ್ನು ಅವಳೇ ಎಳೆದು ತಂದಳು. ನೆಲದ ಮೇಲಿಟ್ಟು, ಎದುರಿಗೆ ಕೂತು, ತನ್ನ ಮುಚ್ಚಿದ ತುಟಿಯನ್ನು ಬೆರಳಿನಿಂದ ತೋರಿಸಿದಳು. ಗೆಳತಿಯರು ಬಂದಾಗ ತೋರಿಸಬೇಕು, ಇನ್ನೂ ಯಾರಿಗೂ ಹೇಳಿಲ್ಲ, ಇಷ್ಟು ದಿನ ಹೇಳುವ ಹಾಗಿರಲಿಲ್ಲ ಎಂದಳು. ನಾನು ಶಾಂತಿ ಎಂದುಕೊಂಡದ್ದು, ಆಮೇಲೆ ನನ್ನ ತಪ್ಪು ಎಂದುಕೊಂಡದ್ದು, ಅವಳ ಮಟ್ಟಿಗೆ ಒಂದು ಗೆಲುವು. ಮತ್ತೆ ಮೊಳೆಗೆ ಹಾಕಿದೆ. ಮನೆಗೆ ಬಂದವರು ಎಷ್ಟು ಶಾಂತವಾಗಿದ್ದಾಳೆ ಎಂದರೆ ಅವಳೇ ಮುಂದೆ ಬಂದು ನಿಜ ಹೇಳುತ್ತಾಳೆ.

ಕ್ಯಾಮೆರಾ ಮಾತ್ರ ಕೆಲವು ವಾರ ಚೀಲದಿಂದ ಹೊರಬರಲಿಲ್ಲ. ಮತ್ತೆ ತೆಗೆದದ್ದು ಕಾಗಾಲಕ್ಕೆ ಅತ್ತೆಯ ತಂಗಿಯ ಮನೆಗೆ ಊಟಕ್ಕೆ ಹೋದಾಗ. ಪಂಕ್ತಿಯಲ್ಲಿ ಮಗಳು ಎಡಗೈಯಲ್ಲಿ ಪಾಯಸ ಸೊರ್ರೆಂದು ಉಣ್ಣುವುದನ್ನು ನೋಡಿ ಆ ಮನೆಯ ಹಿರಿಯರೊಬ್ಬರು, "ಕೂಸಿಗೆ ಎಂತದೂ ಕಲ್ಸಿದ್ದಿಲ್ಯ?" ಎಂದು ಅತ್ತೆಯನ್ನು ಕೇಳಿದರು. ತಂಗಿಗೆ ಬುದ್ಧಿ ಹೇಳಿದ್ದ ಅದೇ ಅತ್ತೆ ಬಾಳೆಲೆಯಿಂದ ತಲೆ ಎತ್ತದೆ, "ಅದರ ಕೈ, ಅದು ಉಣ್ತು" ಎಂದರು.

ಸಂಜೆ ನಾನೂ ಮಗಳೂ ಅಘನಾಶಿನಿಯ ದಡಕ್ಕೆ ಹೋದೆವು. ನೀರು ಇಳಿದಿತ್ತು. ದೂರದಲ್ಲಿ ನಾಲ್ಕಾರು ಜನ ಸೊಂಟದವರೆಗಿನ ನೀರಿನಲ್ಲಿ ಬಗ್ಗಿ ಚಿಪ್ಪಿಕಲ್ಲು ಎಂಬ ಕಪ್ಪೆಚಿಪ್ಪು ಹೆಕ್ಕುತ್ತಿದ್ದರು. ಮಗಳು ಒಂದು ಹಳೆಯ ದೋಣಿಯ ಅಂಚಿನ ಮೇಲೆ ಹತ್ತಿ ಕೂತಳು. ಬಿಸಿಲು ಕೆಂಪಾಗಿ ಅವಳ ಕೂದಲಿನ ಮೇಲಿತ್ತು. ಕೈ ತಾನಾಗಿ ಚೀಲಕ್ಕೆ ಹೋಯಿತು. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದವಳು ಮತ್ತೆ ಇಳಿಸಿದೆ.

"ಎಂತಾದ್ರೂ ಹೇಳಲೆ ಇದ್ದಾ ನಿಂಗೆ?" ಎಂದು ಕೇಳಿದೆ.

ಅವಳು ಸ್ವಲ್ಪ ಯೋಚಿಸಿದಳು. "ಇದ್ದು" ಎಂದಳು.

ಶುರುವಾಯಿತು. ಅವಳ ತರಗತಿಯ ಒಬ್ಬಳು ಹಲ್ಲು ಬಿದ್ದದ್ದನ್ನು ಪೆನ್ಸಿಲ್ ಡಬ್ಬಿಯಲ್ಲಿ ತಂದದ್ದು, ಇನ್ನೊಬ್ಬಳು ಅದನ್ನು ಏಡಿಯ ಹಲ್ಲು ಎಂದದ್ದು, ಏಡಿಗೆ ಹಲ್ಲು ಇದೆಯೋ ಇಲ್ಲವೋ ಎಂದು ಟೀಚರನ್ನು ಕೇಳಿದರೆ ಟೀಚರು ಮೊದಲು ಮಗ್ಗಿ ಹೇಳಿ ಎಂದದ್ದು. ನಾನು ದೋಣಿಗೆ ಒರಗಿ ನಿಂತು ಕೇಳಿದೆ. ನಡುವೆ ಅವಳು ನನ್ನನ್ನೂ ಕೇಳಿದಳು, ಏಡಿಯ ಎಕ್ಸ್‌ರೇ ತೆಗೆದರೆ ಏನು ಕಾಣುತ್ತದೆ, ಅದರ ಮೂಳೆ ಹೊರಗೇ ಇದೆಯಲ್ಲ ಎಂದು. ಕೇಳಿ ಹೇಳುತ್ತೇನೆ ಎಂದೆ. ಕಥೆ ಮುಗಿಯುವಷ್ಟರಲ್ಲಿ ಸೂರ್ಯ ಮುಳುಗಿ, ನೀರಿನ ಮೇಲಿದ್ದ ಬಣ್ಣವೆಲ್ಲ ಬೂದಿಯಾಗಿತ್ತು. ಚಿಪ್ಪಿ ಹೆಕ್ಕುವವರು ಬುಟ್ಟಿ ಹೊತ್ತು ದಡ ಹತ್ತುತ್ತಿದ್ದರು. ಅವಳು ದೋಣಿಯಿಂದ ಹಾರಿ ಇಳಿದು ಅವರ ಕಡೆ ಓಡಿದಳು, ಬುಟ್ಟಿಯಲ್ಲಿ ಏಡಿ ಸಿಕ್ಕಿದೆಯೇ ಎಂದು ಕೇಳಲು.